ಹನ್ನೊಂದು ದಿನದ ದುಪ್ಪಟಿ

ಬಳ್ಳಾರಿ ಕೌಲ್ ಬಜಾರಿನಲ್ಲಿ ಜೆರಾಕ್ಸ್ ಅಂಗಡಿ ಮೇಲೆ
ಒಂದು ಕೋಣೆ, ಎರಡು ಕುರ್ಚಿ, ಒಂದಕ್ಕೆ ಮೂರೇ ಕಾಲು.
ಬೋರ್ಡಿನಲ್ಲಿ ‘ಸುಂಕಮ್ಮ, ಖಾಸಗಿ ಪತ್ತೇದಾರಿ’ ಅಂತಿದೆ.
ಬರುವವರೆಲ್ಲ ಮದುವೆ ಗಂಡಿನ ಸಂಬಳ ಕೇಳುವವರು:
ಕುಡೀತಾನಾ, ಮೊದಲೇ ಒಬ್ಬಳಿದ್ದಾಳಾ.
ಹದಿನಾರು ವರ್ಷ ಇದರಲ್ಲೇ ಅನ್ನ ಉಂಡೆ.
ಕೊಲೆ ಅಂತ ಮೆಟ್ಟಿಲು ಹತ್ತಿದವಳು ಹನುಮಕ್ಕ ಒಬ್ಬಳೇ.

ತಮ್ಮ ಎರ್ರಿಸ್ವಾಮಿ, ಸಂಡೂರಿನಾಚೆ ಜೋಗಿಕಲ್ಲಿನಲ್ಲಿ
ಅದಿರು ಲಾರಿ ತೂಗುವ ಕಾಟಾದ ಗುಮಾಸ್ತ.
ಲಾರಿ ಬಡಿದು ಸತ್ತ ಅಂತ ಸ್ಟೇಷನ್ನಿನವರು ಬರೆದರು.
“ಲಾರಿ ಬಡದ್ರ ಚಪ್ಪಲಿ ಕಾಲಾಗ ಹೆಂಗ ಉಳೀತಾವಕ್ಕ?”
ಅಷ್ಟು ಕೇಳಿ, ಎರಡೂ ಬೆಂಡೋಲೆ ಬಿಚ್ಚಿ ಮೇಜಿನ ಮೇಲಿಟ್ಟಳು.
ಒಂದನ್ನು ವಾಪಸ್ಸು ಕೊಟ್ಟೆ.

ಜೋಗಿಕಲ್ಲಿನಲ್ಲಿ ಬೇವು ಕೆಂಪು, ನಾಯಿ ಕೆಂಪು,
ಹಾಲು ಹಾಕುವ ಹುಡುಗನ ರೆಪ್ಪೆ ಕೆಂಪು.
ಇಂಥ ಊರಲ್ಲಿ ರಕ್ತ ಹುಡುಕೋದು
ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ.

ಮಸ್ತಾನ್‌ಬಿ ಹೋಟೆಲಿನ ಬೆಂಚಿನಲ್ಲಿ ಮೂರು ದಿನ ಕೂತೆ,
ಒಗ್ಗರಣೆ, ಮಿರ್ಚಿ, ಅರ್ಧ ಚಾ, ಮತ್ತೆ ಅರ್ಧ ಚಾ.
ಊರು ಎಲ್ಲ ಹೇಳಿತು.
ಯಾರ ಬೋರು ಬತ್ತಿತು, ಯಾರ ಸೊಸೆ ತವರಿಗೆ ಹೋದಳು,
ಪೋಸ್ಟ್‌ಮ್ಯಾನಿಗೆ ಯಾವ ಕಣ್ಣು ಮಂಜು.
ಎರ್ರಿಸ್ವಾಮಿ ಅಂದ ಕೂಡಲೇ
ಎಲ್ಲರಿಗೂ ಎಮ್ಮೆ ನೆನಪಾಗುತ್ತಿತ್ತು.

ಬಾಯಿ ಬಿಟ್ಟು ಹಗ್ಗ ನೋಡತೊಡಗಿದೆ.
ಇಲ್ಲಿ ಹೆಂಗಸರು ಬಟ್ಟೆ ಒಣಹಾಕೋದು ಒಳಗೆ,
ಒಲೆ ಮೇಲಿನ ದಾರಕ್ಕೆ; ಇಲ್ಲವೇ ನಡುರಾತ್ರಿ,
ಲಾರಿ ನಿಂತ ಮೇಲೆ, ಹಿತ್ತಲಲ್ಲಿ.
ಒಂದೇ ಒಂದು ದುಪ್ಪಟಿ ಹಾಡುಹಗಲು
ರೋಡಿನ ಕಡೆ ಮುಖ ಮಾಡಿ ತೂಗುತ್ತಿತ್ತು.
ಮೂರು ದಿನವೂ ಅದೇ, ಅದೇ ಎರಡು ಕ್ಲಿಪ್ಪು.

ಕಂಪೌಂಡರ್ ಪೆನ್ನಯ್ಯನ ಮನೆ.
ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದ ಕೈ,
ಈಗ ಎರಡು ಲಾರಿ ಇಟ್ಟಿದ್ದಾನೆ.
ಇಪ್ಪತ್ತು ಟನ್ನಿಗೆ ಹದಿನಾಲ್ಕು ಬರೆಯಲಾರೆ ಅಂದಿದ್ದನಂತೆ ಎರ್ರಿಸ್ವಾಮಿ.
ಇದು ಮಸ್ತಾನ್‌ಬಿ ಹೇಳಿದ್ದು, ಲೋಟ ತೊಳೆಯುತ್ತ,
ಲೋಟಕ್ಕೇ ಹೇಳಿದ ಹಾಗೆ.

ಮಧ್ಯಾಹ್ನ ಅವನಿಲ್ಲದಾಗ ಹೋಗಿ
ಒಂದು ಚೊಂಬು ನೀರು ಕೇಳಿದೆ.
ಕುಡಿಯದೆ, ದುಪ್ಪಟಿಯ ಅಂಚು ಅದ್ದಿದೆ.
ಅದಿರು ತಳಕ್ಕಿಳಿಯಿತು; ಭಾರದ ಮಾಲು, ಇಳಿಯಲೇಬೇಕು.
ಬಟ್ಟೆಗೆ ಕಚ್ಚಿದ್ದು ಇಳಿಯಲಿಲ್ಲ.
“ಯಾಕವ್ವ, ಇದನ್ನ ತೆಗೀವಲ್ಲಿ?”

ತಾಯಕ್ಕ ಹೊಸ್ತಿಲ ಮೇಲೆ ಕುಕ್ಕರಿಸಿದಳು.
“ಸುಡು ಅಂದ. ರೋಡಿಗೆ ಹಾಕ್ತೀನಿ,
ಧೂಳು ಕುಂತ್ರ ಕಲೆ ಕಾಣಂಗಿಲ್ಲ ಅಂದೆ. ನಂಬಿದ.
ಹನ್ನೊಂದು ದಿನ ಆತವ್ವ.
ದಿನಾ ಮುನ್ನೂರು ಲಾರಿ ಹೋದ್ವು.
ಪೊಲೀಸರು ಇದರ ನೆರಳಾಗೇ ನಿಂತು ಚಾ ಕುಡದ್ರು.
ಒಬ್ಬರರ ಕೇಳ್ತಾರ ಅಂತ ಹಾಕಿದ್ದೆ.
ನೀನೊಬ್ಬಾಕಿ ಕೇಳಿದಿ.”

ಆಮೇಲೆ ಒಳಗೆ ಹೋಗಿ ಒಲೆ ಆರಿಸಿ,
ಸೀರೆ ಬದಲಾಯಿಸಿ, ತಾನೇ ಕ್ಲಿಪ್ಪು ತೆಗೆದಳು.

ಪತ್ತೆ ಮಾಡಿದ್ದು ಸುಂಕಮ್ಮ ಅಂತಾರೆ ಈಗ.
ನಾನೇನು ಮಾಡಿದೆ? ಜೀವಮಾನವಿಡೀ
ಪರರ ಲಾರಿ ತೂಗಿದವನನ್ನು
ಆ ಅರಿವೆ ಒಂದೇ ಹನ್ನೊಂದು ದಿನ ತೂಗಿತು,
ಒಂದು ಕಿಲೋ ಕಡಿಮೆ ಬರೆಯದೆ.

ರಾತ್ರಿ ಬಸ್ಸಿಗೆ ಬಂದು ಸೀರೆ ನೆನೆಹಾಕಿದೆ.
ನಾಲ್ಕನೇ ಬಕೆಟ್ಟೂ ಕೆಂಪು.
ಬೆಳಿಗ್ಗೆ ಮೂರು ಕಾಲಿನ ಕುರ್ಚಿಯಲ್ಲಿ
ಹುಡುಗಿ ಅಪ್ಪ ಒಬ್ಬ ಕೂತಿದ್ದ, ಬೀಳದ ಹಾಗೆ ಗೋಡೆ ಹಿಡಿದು:
“ಹುಡುಗ ತೋರಣಗಲ್ಲಿನಾಗ ಅದಾನ್ರಿ. ಮನಿತನ ಹೆಂಗ, ನೋಡಬೇಕು.”
ನೋಡ್ತೀನಿ, ಅಂದೆ.
ಮೊದಲು ಅವರು ಬಟ್ಟೆ ಎಲ್ಲಿ ಒಣಹಾಕ್ತಾರೆ, ನೋಡಿ ಬರ್ತೀನಿ.